ವೂಫರ್ ಇಡುವ ಜಾಗ

ಬಂತು. ಮತ್ತೆ ಬಂತು.

ತಂಗೆವ್ವ ಕೌದಿಯ ಮೇಲೆ ಬಲಮಗ್ಗುಲಿಗೆ ಅಡ್ಡಾಗಿದ್ದವಳು ಉಸಿರು ಬಿಗಿಹಿಡಿದಳು. ಕಿವಿಯ ಕೆಳಗೆ, ಕೌದಿಯ ಕೆಳಗೆ, ಸಗಣಿ ಸಾರಿಸಿದ ನೆಲದ ಕೆಳಗೆ ಎಲ್ಲೋ ಆಳದಲ್ಲಿ, ಯಾರೋ ದೊಡ್ಡ ಬೀಸುಕಲ್ಲು ತಿರುಗಿಸಿದ ಹಾಗೆ ಗುಂ... ಗುಂ... ಎಂದಿತು. ನಿಂತಿತು. ಮತ್ತೆ ಗುಂ ಎಂದಿತು. ಸಪ್ಪಳ ಅನ್ನಬೇಕೆಂದರೆ ಸಪ್ಪಳವೂ ಅಲ್ಲ. ಕಿವಿಗಿಂತ ಮೊದಲು ದವಡೆಗೆ ತಿಳಿಯುತ್ತಿತ್ತು, ಪಕ್ಕೆಲುಬಿಗೆ ತಿಳಿಯುತ್ತಿತ್ತು. ತಲೆಯೆತ್ತಿದರೆ ಇಲ್ಲ, ತಲೆಯಿಟ್ಟರೆ ಇದೆ.

ಅವಳ ಕಣ್ಣು ಮೊದಲು ಹೋದದ್ದು ತೊಟ್ಟಿಲಿಗೆ. ನಡುಮನೆಯ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಎಂಟು ತಿಂಗಳ ಮೊಮ್ಮಗಳು ಐಶ್ವರ್ಯಾ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ತೊಟ್ಟಿಲ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಮೊಳ ದಪ್ಪದ ಮಣ್ಣು. ತಂಗೆವ್ವನ ಮಾವ ಕಟ್ಟಿಸಿದ ಮಾಳಿಗೆ ಮನೆ ಅದು. ಬೇಸಗೆಗೆ ತಂಪು, ಚಳಿಗೆ ಬೆಚ್ಚಗೆ ಎಂದು ಸಂಗೊಳ್ಳಿಗೆ ಬಂದ ಬೀಗರೆಲ್ಲ ಹೊಗಳುತ್ತಿದ್ದರು. ತಂಗೆವ್ವ ಮಾತ್ರ ಆ ಮಣ್ಣಿನ ಭಾರವನ್ನು ದಿನಾ ಎದೆಯ ಮೇಲೆ ಹೊತ್ತುಕೊಂಡೇ ಮಲಗುತ್ತಿದ್ದಳು. ಈಗ ನೋಡನೋಡುತ್ತಿದ್ದಂತೆ ಜಂತೆಯ ಸಂದಿಯಿಂದ ಚಿಟಿಕೆ ಮಣ್ಣು ಉದುರಿ ಕೂಸಿನ ಕುಲಾವಿಯ ಮೇಲೆ ಬಿತ್ತು. ತಲೆದೆಸೆಗಿದ್ದ ತಂಬಿಗೆಯ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ ಎದ್ದವು.

"ಯಪ್ಪಾ ಶಿವನ," ಎಂದವಳು ಧಡಕ್ಕನೆ ಎದ್ದಳು. ಕುಲಾವಿಯ ಮಣ್ಣನ್ನು ಬೆರಳಿಂದ ಒರೆಸಿದಳು. ತೊಟ್ಟಿಲಿಗೆ ಎರಡೂ ಕೈ ಹಾಕಿ, ಹಾಕಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಸೊಸೆ ರಾಜೇಶ್ವರಿ ರೊಟ್ಟಿ ಬಡಿಯುತ್ತಿದ್ದಳು.

"ರಾಜವ್ವಾ, ಏನರ ಸಪ್ಪಳ ಕೇಳಿತೇನವ್ವಾ?"

"ರೊಟ್ಟಿ ಬಡ್ಯಾಕ ಹತ್ತೇನಲ್ರಿ ಅತ್ತಿ, ಅದರದ ಸಪ್ಪಳ." ರಾಜೇಶ್ವರಿಯ ಕೈ ಹಿಟ್ಟಿನ ಮೇಲೇ ನಿಂತಿತು. ಅತ್ತೆಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. "ಯಾಕ್ರಿ? ಎಂಥಾ ಸಪ್ಪಳ?"

"ಏನಿಲ್ಲ ತಗಿ. ಬೆಕ್ಕ ಬಂತೇನೋ ಅಂತ."

ಬೆಕ್ಕಂತೆ, ಬೆಕ್ಕು! ಸುಳ್ಳಾಡುವಾಗಲೂ ತಂಗೆವ್ವನ ಕಣ್ಣು ನಡುಮನೆಯ ತೊಟ್ಟಿಲ ಮೇಲೇ ಇತ್ತು. ಆದರೆ ಖರೆ ಹೇಳುವ ಹಾಗಿರಲಿಲ್ಲ. ಖರೆ ಹೇಳಿ ಒಮ್ಮೆ ಏನಾಗಿತ್ತು ಎಂಬುದು ಊರಿಗೇ ಗೊತ್ತಿತ್ತು.

ಹತ್ತು ವರ್ಷದ ಹಿಂದಿನ ಮಾತು. ತಂಗೆವ್ವನ ತಂಗಿ ಕಾಡವ್ವನನ್ನು ದೂರದ ಕಿಲ್ಲಾರಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಕಾಡವ್ವನ ಮಗಳು ಹಡೆದಾಗ ಬಾಣಂತನಕ್ಕೆ ಕೈಯಾಸರೆ ಬೇಕೆಂದು ತಂಗೆವ್ವ ಹೋದಳು. ಅಲ್ಲಿ ನೆಲ ಆಗಾಗ ಗುಂ ಎನ್ನುತ್ತಿತ್ತು. ಮೊದಲ ಸಲ ಕೇಳಿದಾಗ ತಂಗೆವ್ವ ಹೌಹಾರಿದರೆ ಕಾಡವ್ವ ಬಿದ್ದು ಬಿದ್ದು ನಕ್ಕಿದ್ದಳು. "ನೆಲಾ ಬೀಸಾಕ ಹತ್ತೇತಕ್ಕಾ. ಅದಕ್ಕೂ ನಮ್ಮಂಗ ನಸಿಕಿನ್ಯಾಗ ಎದ್ದ ಬೀಸೂ ರೂಢಿ." ಗಣಪತಿ ಕಳಿಸಿದ ರಾತ್ರಿ ಕಳೆದು ನಸುಕಾಗುವ ಮೊದಲು ಮತ್ತೆ ಗುಂ ಎಂದಾಗ ತಂಗೆವ್ವನಿಗೂ ರೂಢಿಯಾಗಿತ್ತು. ಯಾರನ್ನೂ ಎಬ್ಬಿಸದೆ ತಂಬಿಗೆ ಹಿಡಿದು ಹಿತ್ತಲಿಗೆ ಹೋದಳು. ಬೆನ್ನ ಹಿಂದೆ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಎಲ್ಲ ಕೂಡಿ ಕುಸಿದು ಕೂತವು. ಒಳಗೆ ಕಾಡವ್ವ, ಅವಳ ಮಗಳು, ತೊಟ್ಟಿಲಲ್ಲಿದ್ದ ಹಸಿಗೂಸು. ಅದರ ಮುಂದಿನದನ್ನು ತಂಗೆವ್ವ ಯಾರಿಗೂ ಹೇಳಿಲ್ಲ, ಯಾರೂ ಕೇಳಲೂ ಇಲ್ಲ.

ಸಂಗೊಳ್ಳಿಗೆ ಮರಳಿದ ಮೇಲೆ ಅವಳು ಬೇರೆ ಹೆಂಗಸಾಗಿದ್ದಳು. ಎತ್ತಿನ ಗಾಡಿ ಹಾದರೆ ಹೊರಗೋಡುವಳು, ಮಿಕ್ಕವರನ್ನೂ ಎಳೆದುಕೊಂಡು ಓಡುವಳು. ಜ್ವರ ಬಂದು ಮಲಗಿದ್ದ ಗಂಡ ಅಂದಾನೆಪ್ಪನನ್ನು ಹಾಸಿಗೆ ಸಮೇತ ಜಡಿಮಳೆಯಲ್ಲಿ ಅಂಗಳಕ್ಕೆ ತಂದಾಗ ಊರವರ ತಾಳ್ಮೆ ಮುಗಿಯಿತು. ಗಂಡನೇ ಅವಳನ್ನು ಧಾರವಾಡಕ್ಕೆ ಕರೆದುಕೊಂಡು ಹೋದ. ನಮ್ಮ ಕಡೆ ಒಬ್ಬರನ್ನು ಧಾರವಾಡಕ್ಕೆ ಕಳಿಸಬೇಕು ಎಂದರೆ ಅದು ಪೇಢೆ ತರುವುದಕ್ಕಲ್ಲ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಅಲ್ಲಿಯ ಹುಚ್ಚಿನ ಆಸ್ಪತ್ರೆಯ ಡಾಕ್ಟರರು ಕೆಟ್ಟವರಲ್ಲ, ಮೆತ್ತಗೆ ಮಾತಾಡಿಸಿದರು, ಗುಳಿಗೆ ಕೊಟ್ಟರು, ನಿದ್ದೆ ಕಲಿಸಿ ಕಳಿಸಿದರು. ಆದರೆ ಊರ ಬಾಯಿಗೆ ಯಾವ ಗುಳಿಗೆ ಇದೆ? "ಭೂಕಂಪದ ತಂಗೆವ್ವ" ಎಂಬ ಹೆಸರು ಅಂಟಿತು. ಅಂದಾನೆಪ್ಪ ತೀರಿಕೊಂಡ, ಮಗ ಮಹಾದೇವನಿಗೆ ರಾಮದುರ್ಗದ ಹೆಣ್ಣು ಬಂತು, ಮೊಮ್ಮಗಳು ಹುಟ್ಟಿದಳು. ಸೊಸೆ ಕೂಸನ್ನು ಮೊದಲ ಸಲ ಅತ್ತೆಯ ಮಡಿಲಿಗೆ ಹಾಕುವಾಗ ಎಷ್ಟು ಅನುಮಾನಿಸಿದ್ದಳು ಎಂಬುದನ್ನು ತಂಗೆವ್ವ ಮರೆತಿಲ್ಲ. ಆ ಅನುಮಾನ ಕರಗಿ ಈಗೀಗ ತೊಟ್ಟಿಲು ಅವಳ ಹಾಸಿಗೆಯ ಮಗ್ಗುಲಿಗೆ ಬಂದಿತ್ತು.

ಇಷ್ಟು ವರ್ಷ ಸುಮ್ಮನಿದ್ದ ನೆಲ ಈಗ ಮತ್ತೆ ಬೀಸತೊಡಗಿತ್ತು. ಹೇಳಿದರೆ ಕೂಸನ್ನು ಕಸಿದುಕೊಂಡು ತನ್ನನ್ನು ಧಾರವಾಡಕ್ಕೆ ಕಳಿಸುತ್ತಾರೆ. ಹೇಳದೆ ಬಿಟ್ಟು ಅದು ಖರೆಯಾದರೆ ತೊಟ್ಟಿಲು ಮಾಳಿಗೆಯ ಕೆಳಗಿದೆ.

ಮನೆಯಲ್ಲಿ ಆ ದಿನಗಳಲ್ಲಿ ನಡೆಯುತ್ತಿದ್ದ ಸಂಭ್ರಮವೇ ಬೇರೆ. ಬೈಲಹೊಂಗಲದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಗುಮಾಸ್ತನಾಗಿದ್ದ ಮಹಾದೇವ ಕಂಪ್ಯೂಟರ್ ತಂದಿದ್ದ. ತಲಬಾಗಿಲ ಮಗ್ಗುಲಿನ ಕಾಳಿನ ಖೋಲಿಯನ್ನು ತೆರವು ಮಾಡಿ, ನೆಲಕ್ಕೆ ಫರ್ಸಿಕಲ್ಲು ಹಾಸಿ, ಸುಣ್ಣ ಬಳಿದು ಅದನ್ನು ಅಲ್ಲಿ ಕೂರಿಸಿದ್ದ. ಧೂಳು ಬಿದ್ದರೆ ಕಂಪ್ಯೂಟರ್ ಕೆಡುತ್ತದೆಂದು ಖೋಲಿಯ ಕದ ಸದಾ ಮುಚ್ಚಿರಬೇಕು, ಒಳಗೆ ಹೋಗುವವರು ಕಾಲು ತೊಳೆದಿರಬೇಕು. ದೇವರ ಜಗಲಿಗೂ ಇಷ್ಟು ಮಡಿ ಇರಲಿಲ್ಲ. ತಂಗೆವ್ವ ಒಮ್ಮೆ ಕುಂಕುಮ ಹಚ್ಚಿ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕಂಪ್ಯೂಟರ್ ಜೋಡಿಸಿಕೊಟ್ಟ ಬೈಲಹೊಂಗಲದ ಗೆಳೆಯ ವಿರೂಪಾಕ್ಷ ಹಾಡು ಕೇಳಲಿಕ್ಕೆಂದು ಮೂರು ಡಬ್ಬಿ ಕೊಟ್ಟಿದ್ದ. ಎರಡು ಸಣ್ಣವು, ಒಂದು ಕರೀ ದೊಡ್ಡದು. ಆ ದೊಡ್ಡದಕ್ಕೆ ವೂಫರ್ ಎಂದು ಹೆಸರು. ದಪ್ಪ ದನಿ, ಡೋಲಿನ ದನಿ ಎಲ್ಲ ಅದರದ್ದೇ. ಅದನ್ನು ಎಲ್ಲಿಡಬೇಕು ಎನ್ನುವುದೇ ಮಹಾದೇವನಿಗೆ ದೊಡ್ಡ ಚಿಂತೆಯಾಯಿತು. ಮುನಿಸಿಕೊಂಡ ಬೀಗನನ್ನು ಪಂಕ್ತಿಯಲ್ಲಿ ಎಲ್ಲಿ ಕೂರಿಸಬೇಕೆಂದು ತಿಳಿಯದವರ ಹಾಗೆ ಒದ್ದಾಡಿದ. ಟೇಬಲ್ಲಿನ ಮೇಲಿಟ್ಟರೆ ಅದರೊಳಗಿನ ಅಯಸ್ಕಾಂತಕ್ಕೆ ಪರದೆಯ ಮೂಲೆ ಹಸಿರು ನೀಲಿಯಾಯಿತು. ಕೆಳಗಿಟ್ಟರೆ ಕಾಲಿಗೆ ತಾಗಿತು. ಗೋಡೆಯ ಮಾಡದಲ್ಲಿಟ್ಟರೆ ಮಾಡದ ಸುಣ್ಣವೇ ಉದುರಿತು. ಊಟಕ್ಕೆ ಕೂತರೆ ಅದೇ ಮಾತು.

"ವಿರೂಪಾಕ್ಷ ಹೇಳ್ಯಾನ, ಮೂಲ್ಯಾಗ ನೆಲಕ್ಕ ಇಡು ಅಂತ. ಎರಡೂ ಗ್ವಾಡಿ ಕೂಡೂ ಜಾಗಾದಾಗ ಇಟ್ರ ದನಿ ಇಮ್ಮಡಿ ಆಗತೈತಂತ," ಎಂದು ಒಂದು ರಾತ್ರಿ ಊಟದಲ್ಲಿ ಉತ್ಸಾಹದಿಂದ ಹೇಳಿದವನು ಮರುದಿನ ಮುಖ ಸೊಟ್ಟಗೆ ಮಾಡಿಕೊಂಡೇ ಕೂತ. "ಹಾಳಾಗಿ ಹೋಗ್ಲಿ, ಮೂಲ್ಯಾಗ ಇಟ್ಟರ ದನಿನ ಬರವಲ್ದು. ನೆಲಾ ಕುಡದಂಗ ಆಗತೈತಿ. ದನಿ ಗುಂಡಿ ಪೂರಾ ತಿರುವಿ ಇಟ್ಟೇನಿ, ಆದ್ರೂ ಇಲ್ಲ."

"ಬ್ಯಾರೆ ಕಡೆ ಇಡ್ರಲ್ಲಾ," ಎಂದಳು ರಾಜೇಶ್ವರಿ.

"ಮೂಲಿನ ಸರಿ ಜಾಗಾ. ಅವಗೇನ ಗೊತ್ತಿಲ್ಲೇನ? ಡಬ್ಬೀದ ಏನೋ ಬ್ಯಾನಿ ಐತಿ."

ತಂಗೆವ್ವನ ಕಿವಿ ನಾಲ್ಕಾರು ವರ್ಷದಿಂದ ಮಂದವಾಗಿತ್ತು. ಕಾಲ್ಗೆಜ್ಜೆ, ಫೋನಿನ ಗಂಟೆ, ಹಕ್ಕಿಯ ದನಿ ಯಾವುದೂ ಹತ್ತುತ್ತಿರಲಿಲ್ಲ. ಗುಡುಗು, ಎಮ್ಮೆಯ ಗಂಟಲು, ಇಂಥ ದಪ್ಪದ್ದೇ ಕೇಳುತ್ತಿದ್ದುದು. ಎರಡಡಿ ದಪ್ಪದ ಗೋಡೆ, ಮುಚ್ಚಿದ ಕದ ದಾಟಿ ಮಗನ ಹಾಡು ಅವಳ ತನಕ ಬರುತ್ತಿರಲಿಲ್ಲ. ಮಗನ ಮಾತಿನಿಂದ ಅವಳು ತಿಳಿದುಕೊಂಡದ್ದು ಇಷ್ಟೇ: ಆ ಕರೀ ಡಬ್ಬಿ ಮೂಕ. ಇದ್ದರೆ ಇರಲಿ, ಕೂಸಿಗೆ ನಿದ್ದೆಗೇಡು ಇಲ್ಲ ಎಂದುಕೊಂಡಳು.

ನೆಲ ಮಾತ್ರ ಸುಮ್ಮನಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೊಮ್ಮೆ, ಆದಿತ್ಯವಾರ ಹಗಲೆಲ್ಲ ಬೀಸಿತು. ತಂಗೆವ್ವ ತನ್ನದೇ ಉಪಾಯ ಮಾಡಿದಳು. ಸೆಕೆಯ ನೆಪ ಹೇಳಿ ತೊಟ್ಟಿಲನ್ನು ಬಾಗಿಲ ಕಡೆಯ ತೊಲೆಗೆ ಕಟ್ಟಿಸಲು ನೋಡಿದಳು. ಗಾಳಿಗೆ ಕೂಸಿಗೆ ಶೀತವಾಗುತ್ತದೆಂದು ರಾಜೇಶ್ವರಿ ಒಪ್ಪಲಿಲ್ಲ. ಬಿಸಿಲಿಗೆ ಮೈ ಕಾಸುವ ನೆಪದಲ್ಲಿ ಕೂಸನ್ನು ಎತ್ತಿಕೊಂಡು ತಾಸುಗಟ್ಟಲೆ ಹೊರಗಿನ ಕಟ್ಟೆಯ ಮೇಲೆ ಕೂತಳು. ಮಗ್ಗುಲ ಮನೆಯ ಚನ್ನವ್ವ, "ಏನಬೇ ತಂಗೆವ್ವಾ, ಮೊಮ್ಮಗಳನ್ನ ಹಪ್ಪಳಾ ಒಣಗಿಸಿದಂಗ ಒಣಗಸಾಕ ಹತ್ತೀಯಲ್ಲಾ," ಎಂದು ನಕ್ಕಳು. ತಂಗೆವ್ವನೂ ನಕ್ಕಳು. ನಗುವಾಗಲೂ ಅಂಗಾಲಿನಿಂದ ಕಟ್ಟೆಯ ಕಲ್ಲನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಒಂದು ದಿನ ಮಾತ್ರ ಅವಳ ಕೈ ಮೀರಿತು. ಶುಕ್ರವಾರ ಸಂಜೆ. ಫ್ಯಾಕ್ಟರಿಯಿಂದ ಬಂದ ಮಹಾದೇವ ಖೋಲಿಯ ಕದ ಹಾಕಿಕೊಂಡಿದ್ದ, ರಾಜೇಶ್ವರಿ ನೀರಿಗೆ ಹೋಗಿದ್ದಳು. ತಂಗೆವ್ವ ತೊಟ್ಟಿಲ ಬುಡದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಈ ಸಲ ಕಿವಿಯಿಡುವುದೇ ಬೇಕಾಗಲಿಲ್ಲ. ಕೂತ ನೆಲವೇ ತೊಡೆಗೆ ತಟ್ಟಿತು. ಗುಂ, ಗುಂ, ಗುಂ, ಬಿಡುವಿಲ್ಲದೆ. ಜಗಲಿಯ ಮೇಲಿನ ಗಂಟೆ ತಾನಾಗಿ ಅಲುಗಿತು, ಜಂತೆಯಿಂದ ಮಣ್ಣು ಸುರಿಯಿತು. ಅವತ್ತು ಕಾಡವ್ವನ ಮನೆಯಲ್ಲಿ ಬಾಯಿ ತೆರೆಯದೆ ಹಿತ್ತಲಿಗೆ ಹೋದದ್ದು ಅವಳ ಕಣ್ಣ ಮುಂದೆ ಬಂತು. ತೊಟ್ಟಿಲಿಗೆ ಕೈ ಹಾಕಿ ಕೂಸನ್ನು ಕಿತ್ತುಕೊಂಡವಳೇ ಬೀದಿಗೆ ಓಡಿದಳು.

"ಹೊರಗ ಬರ್ರೀ! ಎಲ್ಲಾರೂ ಹೊರಗ ಬರ್ರೆಪೋ! ನೆಲಾ ನಡಗಾಕ ಹತ್ತೇತಿ! ಮಾದೇವಾ, ಬಾರೋ ಯಪ್ಪಾ ಹೊರಗ!"

ಓಣಿಯೇ ಹೊರಬಿತ್ತು. ಹಿಟ್ಟಿನ ಕೈಯವರು, ಸೋಪಿನ ಮುಖದವರು, ಮುದುಕರು, ಮಕ್ಕಳು. ಚೀರಾಟ ಕೇಳಿದ ಮಹಾದೇವ ಖೋಲಿಯಲ್ಲಿ ಎಲ್ಲ ಬಂದ್ ಮಾಡಿ ಓಡಿಬಂದ. ಎಲ್ಲರೂ ನಿಂತು ಕಾದರು. ಏನೂ ಇಲ್ಲ. ಎದುರು ಮನೆಯ ಎಮ್ಮೆ ಗೂಟದ ಬಳಿ ಮೆಲುಕು ಹಾಕುತ್ತ ಮಲಗಿತ್ತು.

"ಎಮ್ಮಿ ಸುದ್ದಾ ಎದ್ದಿಲ್ಲಲ್ಲೋ," ಎಂದರು ಯಾರೋ. ನಗೆ ಎದ್ದಿತು. ಹುಡುಗರು ನೆಲದ ಮೇಲೆ ಕುಪ್ಪಳಿಸಿ "ಭೂಕಂಪ, ಭೂಕಂಪ" ಎಂದು ಕೂಗಿದರು. ಹೆದರಿದ ಕೂಸು ಉಸಿರು ಕಟ್ಟಿ ಅಳುತ್ತಿತ್ತು. ಕೊಡ ಹೊತ್ತುಕೊಂಡು ಬಂದ ರಾಜೇಶ್ವರಿ ಕೊಡವನ್ನು ಅಲ್ಲೇ ಕುಕ್ಕಿ, ಗುಂಪು ಸೀಳಿಕೊಂಡು ಬಂದು, ಅತ್ತೆಯ ತೋಳಿನಿಂದ ಕೂಸನ್ನು ಬಿಡಿಸಿಕೊಂಡಳು. ತಂಗೆವ್ವನ ಬೆರಳು ಬಿಡಲಿಲ್ಲ, ಒಂದೊಂದಾಗಿ ಬಿಡಿಸಬೇಕಾಯಿತು.

ಆ ರಾತ್ರಿ ಮಹಾದೇವ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚಲೋ ಇತ್ತು. ತಾಯಿಯ ಹತ್ತಿರ ಕೂತು, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದ. "ಸೋಮಾರ ಹೋಗಿ ಒಮ್ಮಿ ತೋರಿಸ್ಕೊಂಡ ಬರೂಣಬೇ. ಹಿಂದಕ ಗುಳಿಗಿ ತಗೊಂಡಾಗ ಆರಾಮ ಆಗಿತ್ತಲ್ಲಾ ನಿನಗ."

"ಧಾರವಾಡಕ್ಕೇನು?"

ಮಗ ನೆಲ ನೋಡಿದ. ಅಡುಗೆಮನೆಯಿಂದ ರಾಜೇಶ್ವರಿಯ ದನಿ ಬಂತು. ಅವಳಿಗೆ ಅತ್ತೆಯ ಕಿವಿ ಮಂದ ಎಂಬ ನೆನಪಿತ್ತೋ ಇಲ್ಲವೋ, ದನಿ ದೊಡ್ಡದಾಗಿಯೇ ಇತ್ತು. "ಅವತ್ತಿನ ದಿನಾನ ನಮ್ಮಣ್ಣಗ ಬಾ ಅಂದೇನಿ. ನಾನೂ ಹುಡುಗೀನೂ ರಾಮದುರ್ಗಕ್ಕ ಹೋಗತೇವಿ. ಅವರ ಕೈಯಾಗ ನಾ ನನ್ನ ಮಗಳನ್ನ ಇನ್ನ ಕೊಡಂಗಿಲ್ರಿ. ನೀವ ಏನರ ತಿಳಕೋರ್ರಿ."

ತಂಗೆವ್ವ ಕೇಳಿಸಲಿಲ್ಲ ಎಂಬಂತೆ ಕೌದಿ ಝಾಡಿಸಿದಳು. ಹಾವು ಕಡಿದವರು ಹಗ್ಗಕ್ಕೂ ಹೆದರುತ್ತಾರೆ ಎಂಬ ಮಾತು ಅವಳಿಗೂ ಗೊತ್ತು. ಹಾಗಾದರೆ ತನಗೆ ಕೇಳುವುದು ಹಗ್ಗವೇ ಇರಲಿ, ದೇವರೇ, ಹಗ್ಗವೇ ಇರಲಿ ಎಂದು ಬೇಡಿಕೊಳ್ಳುತ್ತ ಮಲಗಿದಳು. ಮಗ್ಗುಲಲ್ಲಿ ತೊಟ್ಟಿಲು ಇರಲಿಲ್ಲ.

ಆದಿತ್ಯವಾರ ಮಧ್ಯಾಹ್ನ ತಂಗೆವ್ವ ಹೊರಗಿನ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಶುಕ್ರವಾರದಿಂದ ಅವಳು ಕೂಸನ್ನು ಮುಟ್ಟಿರಲಿಲ್ಲ. ಒಳಗೆ ನಡುಮನೆಯಲ್ಲಿ ರಾಜೇಶ್ವರಿ ರಾಮದುರ್ಗಕ್ಕೆ ಒಯ್ಯುವ ಅರಿವೆ ಮಡಚುತ್ತಿದ್ದಳು. ತೊಟ್ಟಿಲ ಹಗ್ಗವನ್ನೂ ಬಿಚ್ಚಿ ಸುತ್ತಿಟ್ಟಿದ್ದಳು. ಮಹಾದೇವ ಉಂಡವನೇ ಖೋಲಿ ಸೇರಿ ಕದ ಹಾಕಿಕೊಂಡಿದ್ದ. ಮನೆಯ ಮೂವರೂ ಮೂರು ಕಡೆ ಮುಖ ಮಾಡಿದ್ದರು.

ಆಗ ತಲಬಾಗಿಲಿನಿಂದ ರಾಜೇಶ್ವರಿ ಎಗರಿ ಬಂದಳು. ಜಡೆ ಬಿಚ್ಚಿತ್ತು, ಸೆರಗು ನೆಲಕ್ಕಿತ್ತು, ಕೂಸು ಅವಳ ಕಂಕುಳಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತ್ತು.

"ಅತ್ತೀ! ಒಳಗ... ನೆಲದಾಗ..."

"ಏನಾತ?"

"ಗುಂಯ್ ಅನ್ನಾಕ ಹತ್ತೇತ್ರಿ! ಹುಡುಗಿಗೆ ಹಾಲ ಕುಡಸಾಕ ನಿಮ್ಮ ಕೌದಿ ಮ್ಯಾಲ ಅಡ್ಡಾಗಿದ್ದೆ. ಕಿವ್ಯಾಗ ಬೀಸಿದಂಗ ಆತು. ಯಪ್ಪಾ, ನನ್ನ ಎದಿ ಒಡಕೊಂಡಿಲ್ಲಂದ್ರ ಹೆಚ್ಚು!"

ತಂಗೆವ್ವನ ಮಡಿಲಿನ ಮೊರ ಜಾರಿತು, ಜೋಳ ಕಟ್ಟೆಯ ತುಂಬ ಚೆಲ್ಲಿತು. ನೋಡಿದೆಯಾ, ನಾನು ಹೇಳಿದ್ದು ಖರೆ ಎಂದು ಅವಳಿಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಇಷ್ಟು ದಿನ ಅವಳು ಒಳಗೊಳಗೇ ಆಸೆ ಇಟ್ಟುಕೊಂಡದ್ದು ತನ್ನ ತಲೆ ಕೆಟ್ಟಿರಲಿ ಎಂದೇ. ತಲೆ ಕೆಟ್ಟರೆ ಗುಳಿಗೆ ಇದೆ. ಇನ್ನೊಬ್ಬರಿಗೂ ಕೇಳಿತೆಂದರೆ ಅದು ನೆಲವೇ.

"ನಿನಗೂ ಕೇಳಿತೇನ?" ಎಂದಳು. "ಖರೇ ಹೇಳ. ನನ್ನ ಸಮಾಧಾನಕ್ಕ ಹೇಳಬ್ಯಾಡ. ಖರೇನ ಕೇಳಿತೇನ?"

"ಕೂಸಿನ ಆಣಿ ಅತ್ತಿ."

"ಮಾದೇವಾ!" ತಂಗೆವ್ವ ಒದರಿದಳು. "ಹೊರಗ ಬಾರೋ! ಮಾಳಗಿ ಕೆಳಗ ಕುಂದರಬ್ಯಾಡೋ!"

ಮಹಾದೇವ ಬಂದ. ಹೆಂಡತಿಯ ಬಿಚ್ಚಿದ ಜಡೆ ನೋಡಿದ, ತಾಯಿಯ ಮುಖ ನೋಡಿದ. ಅವನ ತಾಳ್ಮೆ ಅಲ್ಲಿಗೆ ಮುಗಿಯಿತು. "ಅವ್ವಗಂತೂ ಆಗೇತಿ. ನಿನಗೂ ಬಡೀತೇನ ಅದು?"

"ಹೂಂ, ನನಗೂ ಬಡದೈತಿ. ನನ್ನೂ ಧಾರವಾಡಕ್ಕ ಒಯ್ಯರಿ," ಎಂದು ರಾಜೇಶ್ವರಿ ಅವನ ಮೇಲೇ ಹರಿಹಾಯ್ದಳು. "ನನ್ನ ಕಿವಿಲೆ ನಾ ಕೇಳೇನಿ! ಬರ್ರಿ ಇಲ್ಲೆ, ನೀವೂ ಕೇಳ್ರಿ. ಹಿಡೀರಿ ಅತ್ತಿ ಇದನ್ನ." ಕೂಸನ್ನು ತಂಗೆವ್ವನ ಕೈಗೆ ಹಾಕಿ ಗಂಡನ ತೋಳು ಹಿಡಿದು ಒಳಗೆ ಎಳೆದಳು.

ಕೂಸಿನ ಬಿಸಿ ಎದೆಗೆ ತಾಗಿದಾಗ ತಂಗೆವ್ವನಿಗೆ ಅಳು ಬಂತು. ಒಳಗೆ ಹೋಗಬೇಡಿರೆಂದು ಕೂಗುವಷ್ಟರಲ್ಲಿ ಅವರಿಬ್ಬರೂ ಹೊಸ್ತಿಲು ದಾಟಿದ್ದರು. ಬಾಗಿಲ ಹೊರಗೇ ನಿಂತು ಇಣುಕಿದಳು. ನಡುಮನೆಯ ನೆಲದ ಮೇಲೆ ಗಂಡ ಹೆಂಡತಿ ಇಬ್ಬರೂ ಬೋರಲು ಬಿದ್ದು ಕಿವಿ ಇಟ್ಟಿದ್ದರು.

"ಏನೈತಿ? ಮಣ್ಣೈತಿ," ಎಂದ ಮಹಾದೇವ.

"ಈಗ ಇಲ್ಲ..." ರಾಜೇಶ್ವರಿ ಎದ್ದು ಕೂತಳು. ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಯೋಚಿಸಿದಳು. "ಶುಕ್ರಾರನೂ ನೀವ ಹೊರಗ ಬಂದಕೂಡ್ಲೆ ಎಲ್ಲಾ ಸುಮ್ಮನಾತು ಹೌದಿಲ್ರಿ? ಈಗೂ ಹಂಗ. ಖೋಲ್ಯಾಗ ಏನ ಮಾಡಾಕ ಹತ್ತಿದ್ರಿ?"

"ಏನ ಮಾಡ್ಲಿ? ಹಾಡ ಹಚ್ಚಿದ್ದೆ."

"ಹೋಗ್ರಿ. ಮತ್ತ ಹಚ್ಚರಿ. ಕದಾ ಹಾಕ್ಕೊಂಡ ಹಚ್ಚರಿ."

ಅವನು ಗೊಣಗುತ್ತ ಹೋದ. ಕದ ಮುಚ್ಚಿತು. ರಾಜೇಶ್ವರಿ ನೆಲಕ್ಕೆ ಕಿವಿಯಿಟ್ಟಳು, ಮರುಗಳಿಗೆಯೇ ಕೈಯೆತ್ತಿ ಬೀಸಿದಳು. "ಬಂತು! ಅತ್ತೀ, ಬರ್ರಿ, ಹೆದರಬ್ಯಾಡ್ರಿ! ಇದು ಇವರ ಡಬ್ಬಿರಿ, ಇವರ ಹಾಳ ಡಬ್ಬಿ!"

ತಂಗೆವ್ವ ಹೊಸ್ತಿಲು ದಾಟಲಿಲ್ಲ. "ಡಬ್ಬಿ ಆ ಖೋಲ್ಯಾಗ ಐತಿ. ಸಪ್ಪಳ ಇಲ್ಲಿ ಹೆಂಗ ಬರತೈತಿ? ಎಲ್ಲಿಟ್ಟಾನ ಅದನ್ನ?"

"ಮೂಲ್ಯಾಗ್ರಿ. ದೇವರ ಕಡೀ ಮೂಲ್ಯಾಗ."

ತಂಗೆವ್ವ ಖೋಲಿಯ ಕದದಿಂದ ತನ್ನ ಕೌದಿಯ ತನಕ ಕಣ್ಣಲ್ಲೇ ಅಳೆದಳು. ಆಮೇಲೆ ನಿಧಾನಕ್ಕೆ, "ಅದು ಹಗೇವಿನ ಬಾಯಿ," ಎಂದಳು.

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಇಳಿಯುವಷ್ಟೇ ಕಿರಿದು, ಹೊಟ್ಟೆ ಮಾತ್ರ ಒಂದು ಮನೆಯಷ್ಟು. ತಂಗೆವ್ವ ಮದುವೆಯಾಗಿ ಬಂದ ಕಾಲದಲ್ಲಿ ಸುಗ್ಗಿಗೊಮ್ಮೆ ಅದರ ಬಾಯಿ ತೆಗೆದು, ಮೊದಲು ಒಳಗಿನ ಗಾಳಿ ನೋಡಲು ದೀಪ ಇಳಿಬಿಟ್ಟು, ದೀಪ ಆರಲಿಲ್ಲವೆಂದರೆ ಆಳು ಇಳಿಯುತ್ತಿದ್ದ. ಜೋಳ ಚೀಲಕ್ಕೆ ಬಂದ ಮೇಲೆ ಅಂದಾನೆಪ್ಪ ಬಾಯಿಗೆ ಚಪ್ಪಡಿ ಮುಚ್ಚಿಸಿದ. ಅದರ ಮೇಲೆ ಮಗ ಫರ್ಸಿ ಹಾಸಿದ. ಕೆಳಗಿನ ಪೊಳ್ಳು ಖೋಲಿಯನ್ನು ದಾಟಿ ನಡುಮನೆಯ ಕೆಳಗೆ, ಸರಿಯಾಗಿ ತಂಗೆವ್ವನ ಕೌದಿಯ ಕೆಳಗೆ, ಹಾಗೇ ಬಾಯಿ ಮುಚ್ಚಿಕೊಂಡು ಉಳಿದಿತ್ತು. ಅದನ್ನು ಮನೆಯವರೆಲ್ಲ ಮರೆತಿದ್ದರು.

ಕೇಳಿದ ಮಹಾದೇವ ಹಣೆ ಹಣೆ ಬಡಿದುಕೊಂಡ. "ಅದಕ್ಕ ನನಗ ದನಿ ಬರ್ತಿದ್ದಿಲ್ಲ! ಎಲ್ಲಾ ಹಗೇವಿಗೆ ಹೊಂಟಿತ್ತು! ಯವ್ವಾ, ನಾ ತಪ್ಪ ಮಾಡಿದ್ನೆಬೇ." ನಗುತ್ತಿದ್ದನೋ ಅಳುತ್ತಿದ್ದನೋ, ತಾಯಿಯ ಎರಡೂ ಕೈ ಹಿಡಿದುಕೊಂಡ. ನಾಳೆಯ ಧಾರವಾಡದ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ರಾಜೇಶ್ವರಿ ಮಾತ್ರ, "ಅಣ್ಣಗ ಬರಬ್ಯಾಡ ಅಂತ ಫೋನ್ ಮಾಡ್ರಿ," ಎಂದು ಗೋಡೆಯ ಕಡೆ ತಿರುಗಿ ಹೇಳಿದಳು.

ಆಮೇಲೆ ನಡೆದದ್ದು ಒಂದು ಆಟವೇ. ಡಬ್ಬಿಯ ಜಾಗ ಹುಡುಕುವ ಕೆಲಸ ಈಗ ಹೆಂಗಸರ ಕೈಗೆ ಬಂತು. ಮಹಾದೇವ ಡಬ್ಬಿಯನ್ನು ಮೊಳ ಮೊಳ ಸರಿಸುವುದು, ಅತ್ತೆ ಸೊಸೆ ಇಬ್ಬರೂ ನಡುಮನೆಯಲ್ಲಿ ಎದುರು ಬದುರು ನೆಲಕ್ಕೆ ಕಿವಿಯಿಟ್ಟು ಮಲಗಿ ಕೂಗುವುದು. ನಡುವೆ ಕೂಸು ಕೈಕಾಲು ಬಡಿಯುತ್ತ ಬಿದ್ದಿತ್ತು.

"ಈಗ?"

"ಐತಿ!"

"ಈಗ?"

"ಇನ್ನೂ ಐತ್ರಿ, ಸಣ್ಣಗ ಐತಿ!"

ರಾಜೇಶ್ವರಿಗೆ ನಗು ತಡೆಯಲಾಗಲಿಲ್ಲ. ತಂಗೆವ್ವನಿಗೂ ನಗು ಬಂತು. ಎಷ್ಟು ವರ್ಷದ ಮೇಲೆ ಹೀಗೆ ಹೊಟ್ಟೆ ಹಿಡಿದು ನಕ್ಕೆನೋ ಎಂದು ಅವಳಿಗೇ ಅನ್ನಿಸುತ್ತಿರುವಾಗ ಕರೆಂಟು ಹೋಯಿತು. ಖೋಲಿಯ ಹಾಡು ಅರ್ಧಕ್ಕೇ ಕಡಿಯಿತು. ಫ್ಯಾನು ತಿರುಗಿ ತಿರುಗಿ ನಿಂತಿತು. ಓಣಿಯ ತುದಿಯ ಹಿಟ್ಟಿನ ಗಿರಣಿಯೂ ನಿಂತು ಊರು ಸುಮ್ಮನಾಯಿತು.

"ಈಗಂತೂ ಇಲ್ಲಲ್ಲಾ?" ಮಹಾದೇವ ಅಲ್ಲಿಂದಲೇ ನಗುತ್ತ ಕೂಗಿದ.

"ಇಲ್ರಿ," ಎಂದು ರಾಜೇಶ್ವರಿ ತಲೆಯೆತ್ತಿದಳು.

ತಂಗೆವ್ವ ಎತ್ತಲಿಲ್ಲ. ಗುಂ ಎಂದಿತು. ಅವಳು ಒಮ್ಮೆ ಕಿವಿ ತೆಗೆದು, ಸೆರಗಿನಿಂದ ಒರೆಸಿಕೊಂಡು, ಮತ್ತೆ ಇಟ್ಟಳು. ಇತ್ತು. ಹಗೇವಿನಲ್ಲಿ ಅಲ್ಲ, ಅದಕ್ಕಿಂತ ಬಹಳ ಕೆಳಗೆ, ಬಹಳ ಮೆಲ್ಲಗೆ, ಯಾವ ಅವಸರವೂ ಇಲ್ಲದೆ ಬೀಸುತ್ತಿತ್ತು. ನೆಲದ್ದೋ ತನ್ನ ನೆತ್ತರದ್ದೋ ಅವಳಿಗೆ ತಿಳಿಯಲಿಲ್ಲ.

"ಅವ್ವಾ? ನಿನಗ?"

"ಇಲ್ಲಪಾ," ಎಂದಳು ತಂಗೆವ್ವ. "ನಿಂತತಿ."

ರಾಜೇಶ್ವರಿಯ ನಗು ಇನ್ನೂ ಮುಖದ ಮೇಲೇ ಇತ್ತು, ಆದರೆ ಕಣ್ಣು ನಗುತ್ತಿರಲಿಲ್ಲ. ಅವಳು ನೋಡುತ್ತಿದ್ದುದು ಅತ್ತೆಯ ಮುಖವನ್ನಲ್ಲ, ಕೂಸಿನ ಕಾಲನ್ನು ಬಿಗಿಯಾಗಿ ಹಿಡಿದಿದ್ದ ಕೈಯನ್ನು.

ಮಹಾದೇವ ಡಬ್ಬಿಯನ್ನು ಎದೆಗವುಚಿಕೊಂಡು ಬಂದು ನಿಂತ. "ಹಂಗಾರ ನೀವ ಹೇಳ್ರಿ. ಎಲ್ಲಿ ಇಡ್ಲಿ ಈ ಪೀಡಾನ?"

"ತಲಬಾಗಲಾಗ ಇಡು," ಎಂದಳು ತಂಗೆವ್ವ, ಎದ್ದು ಕೂತು. "ಕದಕ್ಕ ಒತ್ತಾಗಿ ಇಡು. ಕದಾ ಮುಚ್ಚಬಾರದು, ಹಂಗ."

"ಬಾಗಲಾಗೇನಬೇ? ವಾಯರ ಸಾಲೂದ ಕಷ್ಟ. ಮ್ಯಾಲ ಓಣಿ ಧೂಳೆಲ್ಲಾ ಒಳಗ ಬರತೈತಿ."

"ಬರ್ಲಿ ಬಿಡ್ರಿ," ಎಂದಳು ರಾಜೇಶ್ವರಿ. "ನಾ ಒರಸತೇನಿ."

ವಾಯರು ಎಳೆದು ಎಳೆದು ಹೇಗೋ ಸಾಲಿತು. ತೆರೆದ ಕದದ ಬುಡಕ್ಕೆ ಕರೀ ಡಬ್ಬಿ ಕೂತಿತು. ಗಾಳಿಗೆ ಕದ ಒಂದೆರಡು ಸಲ ಮುಚ್ಚಿಕೊಳ್ಳಲು ನೋಡಿ, ಡಬ್ಬಿಗೆ ತಾಗಿ ನಿಂತಿತು. ರಾಜೇಶ್ವರಿ ಸುತ್ತಿಟ್ಟಿದ್ದ ತೊಟ್ಟಿಲ ಹಗ್ಗವನ್ನು ತಂದು, ಯಾರನ್ನೂ ಕೇಳದೆ, ಸ್ಟೂಲು ಹತ್ತಿ ಬಾಗಿಲಿಗೆ ಎಲ್ಲಕ್ಕಿಂತ ಹತ್ತಿರದ ತೊಲೆಗೆ ಬಿಗಿದಳು. ಎರಡು ಸಲ ಜಗ್ಗಿ ನೋಡಿದಳು. ಅಲ್ಲಿಂದ ಹೊಸ್ತಿಲಿಗೆ ಮೂರು ಹೆಜ್ಜೆ ಇರಲಿಲ್ಲ.

ಕರೆಂಟು ಬಂದಾಗ ಬಾಗಿಲಲ್ಲಿ ಹಾಡು ಶುರುವಾಯಿತು. ಚನ್ನವ್ವ ತನ್ನ ಕಟ್ಟೆಯಿಂದ, "ಏನ್ರೆಬೇ, ಯಾರ ಮದುವಿ?" ಎಂದು ಕೂಗಿದಳು. ತಂಗೆವ್ವ ಕೌದಿಯನ್ನು ತೊಟ್ಟಿಲ ಕೆಳಗೆ ಹಾಸಿಕೊಂಡಳು. ಅಡ್ಡಾಗಲಿಲ್ಲ. ಬಿಸಿಲು ಬಿದ್ದ ಹೊಸ್ತಿಲನ್ನು ನೋಡುತ್ತ, ಕೂತೇ ತೊಟ್ಟಿಲು ತೂಗಿದಳು.